ಪೂರ್ಣವೂ ಭಾಗವೂ



ಕಾಲು, ಅರೆ, ಮುಕ್ಕಾಲು ಎಂಬ ಮಾತುಗಳು ಅಕ್ಷರವರಿಯದವರ ಬಾಯಲ್ಲಿಯೂ ದಿನಂಪ್ರತಿ ಬರುವುವು. ಆದರೆ “ಯಾವುದರ ಕಾಲು?” ಎಂದು ಕೇಳುವವರು ವಿರಳ. ಭಾಗವೆಂಬುದು ತನ್ನಷ್ಟಕ್ಕೆ ತಾನೇ ನಿಲ್ಲತಕ್ಕ ವಸ್ತುವಲ್ಲ. ಪೂರ್ಣವನ್ನು ಹೇಳಿದ ಹೊರತು ಭಾಗವನ್ನು ಹೇಳಿದಂತಾಗದು.

ಈ ವಿಚಾರವು ಕನ್ನಡನಾಡಿಗೆ ಹೊಸದಲ್ಲ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನಗಳಿಗೆಂದೇ ಕಲಾಸವರ್ಣವೆಂಬ ಪ್ರಕರಣವುಂಟು. ಭಾಗದ ಭಾಗವನ್ನು ಅಲ್ಲಿ ‘ಪ್ರಭಾಗ’ವೆಂದು ಬೇರೆಯಾಗಿಯೇ ವಿವರಿಸಿದೆ. ನಮ್ಮ ಹಿರಿಯರ ಲೆಕ್ಕದಲ್ಲಿ ಕಾಲಿನ ಕಾಲಿಗೆ ವೀಸವೆಂದು ಹೆಸರು. ರೂಪಾಯಿಗೆ ಹದಿನಾರಾಣೆಯಿದ್ದಾಗ ಕಾಲು ರೂಪಾಯಿಯೆಂದರೆ ನಾಲ್ಕಾಣೆ. 1957ರಲ್ಲಿ ರೂಪಾಯಿಗೆ ನೂರು ಪೈಸೆಯಾದ ಮೇಲೆ ಅದೇ ಕಾಲು 25 ಪೈಸೆ. ಅಂಕೆ ಬದಲಾಯಿತು, ಸಂಬಂಧ ಬದಲಾಗಲಿಲ್ಲ.

ಈ ಸೀಮೆಯ ಚರಿತ್ರೆಯೇ ಇದಕ್ಕೆ ತಕ್ಕ ನಿದರ್ಶನ. 1956ರವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ನೆರೆಯ ಯಳಂದೂರು ಮೈಸೂರಿನದು. ಅನಂತರ ಎರಡೂ ಒಂದೇ ರಾಜ್ಯದೊಳಗಾಗಿ, 1997ರಲ್ಲಿ ಹೊಸದಾದ ಚಾಮರಾಜನಗರ ಜಿಲ್ಲೆಗೆ ಸಂದುವು. 2018ರಲ್ಲಿ ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. ಹನೂರಿನ ಹೊಲವೊಂದನ್ನು ಭಾವಿಸಿರಿ. ಹಿಂದಿನ ತಾಲ್ಲೂಕಿನಲ್ಲಿ ಅದು ಎಷ್ಟು ಪಾಲಾಗಿದ್ದಿತೋ ಹೊಸದರಲ್ಲಿ ಅದಕ್ಕಿಂತ ಹಿರಿದಾದ ಪಾಲು. ಹೊಲವು ಗೇಣಗಲವೂ ಬೆಳೆಯಲಿಲ್ಲ, ಪೂರ್ಣವು ಕಿರಿದಾಯಿತು.

ಯಳಂದೂರು ಮೊದಲು ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲೊಂದು, ಈಗ ಐದರಲ್ಲೊಂದು. ಹಾಗೆಂದು ಜಿಲ್ಲೆಯ ನೆಲದಲ್ಲಿ ಪಂಚಮಾಂಶವು ಯಳಂದೂರಿನದೆಂದರೆ ತಪ್ಪಾದೀತು. ವಿಸ್ತೀರ್ಣದಲ್ಲಿ ಅದು ಎಲ್ಲಕ್ಕಿಂತ ಚಿಕ್ಕದು. ಪಾಲುಗಳು ಸಮವಾಗಿದ್ದಾಗ ಮಾತ್ರ ಐದರಲ್ಲೊಂದು ಪಂಚಮಾಂಶವಾಗುವುದು.

ಇದು ಬರಿಯ ಪಾಠಶಾಲೆಯ ಮಾತಲ್ಲ. ನಾಲ್ವರು ಅಣ್ಣತಮ್ಮಂದಿರಿಗೆ ಒಂದೆಕರೆ, ಅಂದರೆ 40 ಗುಂಟೆ, ಸಮನಾಗಿ ಸಂದರೆ ಒಬ್ಬೊಬ್ಬನಿಗೆ 10 ಗುಂಟೆ. ಅವರಲ್ಲೊಬ್ಬನು ಕಾಲವಾಗಿ, ಆತನ ಪಾಲು ಹೆಂಡತಿ, ಮಗ, ಮಗಳು ಈ ಮೂವರಿಗೆ ಸಮನಾಗಿ ಬಂದಿತೆನ್ನಿ. “ನಿನಗೆ ತೃತೀಯಾಂಶ” ಎಂದು ಓದಿ ಹೇಳಿದರೆ, ಆ ತಾಯಿಯು ಇಡೀ ಎಕರೆಯ ತೃತೀಯಾಂಶವೆಂದು, ಹದಿಮೂರು ಗುಂಟೆಗೂ ಮೇಲೆಂದು ತಿಳಿದಾಳು. ಸಲ್ಲುವುದು ಕಾಲಿನ ತೃತೀಯಾಂಶ, ಎಕರೆಯ ದ್ವಾದಶಾಂಶ. ಅದು ಮೂರು ಗುಂಟೆಯ ಮೇಲೆ ಗುಂಟೆಯ ಮೂರರಲ್ಲೊಂದು ಪಾಲು. ಪ್ರಭಾಗವನ್ನರಿಯದೆ ಹೆಬ್ಬೆಟ್ಟೊತ್ತಿದವಳು ತನಗೆ ಮೋಸವಾಯಿತೆಂದು ಜೀವಮಾನವೆಲ್ಲ ಕೊರಗಿಯಾಳು. ನಿಜವಾಗಿಯೇ ಮೋಸವಾದರೆ ಅದನ್ನು ಅರಿಯಲೂ ಆರಳು.

ಇನ್ನು ಆ ಹತ್ತು ಹತ್ತು ಗುಂಟೆಗಳಲ್ಲಿ ಒಂದು ಬಾವಿಯ ನೀರುಣ್ಣುವ ನೆಲ, ಮತ್ತೊಂದು ಕಲ್ಲುನೆಲವಾದರೆ ಅವು ಅಳತೆಯಲ್ಲಿ ಸಮವೇ ಹೊರತು ಹುಟ್ಟುವಳಿಯಲ್ಲಿ ಸಮವಲ್ಲ. ಅಣ್ಣತಮ್ಮಂದಿರ ಜಗಳಗಳು ಬಹುಮಟ್ಟಿಗೆ ಇಲ್ಲಿಯೇ ಹುಟ್ಟುವುವು. ಇಬ್ಬರೂ ನಿಜವನ್ನೇ ನುಡಿಯುತ್ತಾರೆ; ಆದರೆ ಒಬ್ಬನು ಅಳೆದುದು ನೆಲವನ್ನು, ಇನ್ನೊಬ್ಬನು ಅಳೆದುದು ಬೆಳೆಯನ್ನು.

ಆದುದರಿಂದ ಮಕ್ಕಳಿಗೆ ಭಿನ್ನರಾಶಿಯನ್ನು ಕಲಿಸುವ ಉಪಾಧ್ಯಾಯರೂ, ಪಾಲು ಹಂಚಲು ಕುಳಿತ ಹಿರಿಯರೂ ಲೆಕ್ಕಕ್ಕೆ ಮೊದಲು ಎರಡು ಪ್ರಶ್ನೆಗಳನ್ನು ಕೇಳತಕ್ಕುದು: ಇದು ಯಾವುದರ ಭಾಗ? ಸಮವೆಂದುದು ಯಾವ ಅಳತೆಯಿಂದ? ಇವೆರಡಕ್ಕೆ ಎಲ್ಲರೂ ಕೇಳುವಂತೆ ಉತ್ತರ ದೊರೆತ ಮೇಲೆಯೇ ಪತ್ರಕ್ಕೆ ರುಜು ಬೀಳಲಿ.