ಸೋಗೆ ಬಣ್ಣದ ಅಂಗಿ



ನಮ್ಮ ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದರು. ಬೆಳಗ್ಗೆ ರೇಡಿಯೊ ಹಾಡುತ್ತಿರುವಾಗ, ಅಮ್ಮ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆಗೆ ಗೆರಟೆಯ ಕೆಂಡ ತುಂಬುತ್ತಿದ್ದರು. ಗಂಜಿ ಹಾಕಿ ಒಣಗಿಸಿದ ಖಾಕಿ ಅಂಗಿಗೆ ನೀರು ಚಿಮುಕಿಸಿ, ಮೊದಲು ಕಾಲರ್, ಆಮೇಲೆ ತೋಳು, ಕಡೆಗೆ ಎದೆಯ ಎರಡು ಕಿಸೆಗಳು. ಎಡಗಡೆ ಕಿಸೆಯ ಮುಚ್ಚಳದಲ್ಲಿ ಪೆನ್ನು ತೂರಿಸಲಿಕ್ಕೆ ಒಂದು ಸಣ್ಣ ಸೀಳು, ಅದರ ಸುತ್ತ ಕಾಜದ ಹೊಲಿಗೆ. ಎರಡೂ ಹೆಗಲ ಮೇಲೆ ಗುಂಡಿ ಹಾಕಿದ ಪಟ್ಟಿ. ಪೆನ್ನಿನ ಸೀಳು ಅಪ್ಪನಿಗೆ ದಿನವೂ ಬೇಕಾಗುತ್ತಿತ್ತು, ಮನಿಯಾರ್ಡರಿಗೆ ಸಹಿ ಹಾಕಿಸಬೇಕಲ್ಲ. ಹೆಗಲ ಪಟ್ಟಿ ಯಾಕಪ್ಪಾ ಎಂದು ಕೇಳಿದರೆ, "ಅದು ಮಿಲಿಟರಿಯವರದ್ದು ಮಗಾ, ನಮಗೆ ಹಾಗೇ ಬಂದಿದೆ" ಅನ್ನುತ್ತಿದ್ದರು.

ನಾವು ತೊಡುವ ಬಟ್ಟೆಯಲ್ಲಿ ಹೀಗೆ ಹಾಗೇ ಬಂದದ್ದು ಎಷ್ಟೊಂದು ಇದೆ! ಹುಡುಗರ ಪ್ಯಾಂಟಿನಲ್ಲಿ ತೊಡೆಯ ಮೇಲೊಂದು ದೊಡ್ಡ ಕಿಸೆ ಇರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುತ್ತಿದ್ದ ಅಮೆರಿಕದ ಸೈನಿಕರು ಅಂಥ ಕಿಸೆಗಳಲ್ಲಿ ಬುತ್ತಿ, ಮದ್ದುಗುಂಡು ತುಂಬಿಕೊಳ್ಳುತ್ತಿದ್ದರು. ಕೈಗಡಿಯಾರವನ್ನೇ ನೋಡಿ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಗಂಡಸರು ಗಡಿಯಾರವನ್ನು ಸರಪಳಿ ಹಾಕಿ ಕಿಸೆಯಲ್ಲಿಡುತ್ತಿದ್ದರು. ಮುಂಗೈಗೆ ಕಟ್ಟಿದರೆ ಅದು ಹೆಂಗಸರ ಒಡವೆ. ಕಂದಕದಲ್ಲಿ ಎರಡೂ ಕೈಗೆ ಕೆಲಸವಿರುವಾಗ ಕಿಸೆ ತಡಕುವ ವ್ಯವಧಾನ ಎಲ್ಲಿಯದು? ಯುದ್ಧದಿಂದ ಬದುಕಿ ಬಂದವರ ಮುಂಗೈಯಲ್ಲಿ ಗಡಿಯಾರ ಉಳಿದುಬಿಟ್ಟಿತು.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರದ್ದು ಖಾಕಿ. ಖಾಕ್ ಎಂದರೆ ಪಾರಸಿಯಲ್ಲಿ ಮಣ್ಣು, ಧೂಳು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಗೈಡ್ಸ್ ಎಂಬ ಪಡೆ ಕಟ್ಟಿದ. ಬ್ರಿಟಿಷ್ ಸಿಪಾಯಿಯ ಅಂಗಿ ಆಗ ಕೆಂಪು, ಬೇಸಿಗೆಯಾದರೆ ಬಿಳಿ. ಆ ಒಣ ಗುಡ್ಡಗಳ ನಡುವೆ ಎರಡೂ ಮೈಲಿ ದೂರಕ್ಕೆ ಕಾಣುತ್ತವೆ. ಬಿಳಿ ಬಟ್ಟೆಯನ್ನು ನೀರಲ್ಲಿ ನೆನೆಸಿ ಮಣ್ಣು ತಿಕ್ಕಿಸಿ ಆತ ತನ್ನವರಿಗೆ ತೊಡಿಸಿದ ಎಂದು ಹೇಳುತ್ತಾರೆ. 1857ರಲ್ಲಿ ದಂಗೆ ಎದ್ದಾಗ ಎಷ್ಟೋ ಬ್ರಿಟಿಷ್ ತುಕಡಿಗಳು ಚಹಾ, ಕಾಫಿ, ಶಾಯಿ, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಬಿಳಿ ಬಟ್ಟೆ ಅದ್ದಿಕೊಂಡವು. ಒಂದೊಂದು ಪಡೆಯದೂ ಒಂದೊಂದು ಬಣ್ಣ. ನಾಲ್ಕು ಸಲ ಒಗೆದರೆ ಅದೂ ಇಲ್ಲ.

ಬಣ್ಣ ನಿಲ್ಲುವಂತೆ ಮಾಡುವುದು ಹೇಗೆ? ಇಲ್ಲಿ ನಮ್ಮ ಮಂಗಳೂರು ಬರುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರತಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಊರಿನ ಬಲ್ಮಠದಲ್ಲಿ ನೇಯ್ಗೆಯನ್ನೂ ನಡೆಸುತ್ತಿತ್ತು. 1851ರಲ್ಲಿ ಜಾನ್ ಹಾಲರ್ ಎಂಬ ಜರ್ಮನ್ ನೇಕಾರ ಬಂದ. ಹಗ್ಗ ಜಗ್ಗಿದರೆ ತಾನೇ ಆ ಕಡೆಯಿಂದ ಈ ಕಡೆಗೆ ಓಡುವ ಲಾಳಿಯ ಮಗ್ಗಗಳನ್ನು ಹೂಡಿದ, ಪಕ್ಕದಲ್ಲಿ ಬಣ್ಣದ ಮನೆ ಕಟ್ಟಿಸಿದ. ಒಗೆದರೂ ಬಿಡದ ಖಾಕಿ ಅಲ್ಲೇ ಹುಟ್ಟಿತು, ಇಲ್ಲಿನ ಪೊಲೀಸರೇ ಅದನ್ನು ಮೊದಲು ತೊಟ್ಟರು ಎಂದು ಮಂಗಳೂರಿನವರು ಇವತ್ತಿಗೂ ಅಭಿಮಾನದಿಂದ ಹೇಳುತ್ತಾರೆ. ಹೆಸರು ಪೇಶಾವರದ ಕಡೆಯದು, ಬಣ್ಣದ ಗಟ್ಟಿತನಕ್ಕೆ ದುಡಿದದ್ದು ಮಂಗಳೂರು. ಈ ಎರಡು ಕಥೆಗೆ ಜಗಳ ಹಚ್ಚಬೇಕಾದ್ದಿಲ್ಲ. ಬಲ್ಮಠದ ಮಗ್ಗಗಳಲ್ಲಿ ಕೂತಿದ್ದವರು ಹೆಚ್ಚಾಗಿ ಮತಾಂತರಗೊಂಡು ಮನೆ, ಜಾತಿ, ಕಸುಬು ಎಲ್ಲ ಕಳೆದುಕೊಂಡು ಹೊಸದಾಗಿ ಅನ್ನದ ದಾರಿ ಹುಡುಕುತ್ತಿದ್ದ ನಮ್ಮ ಕರಾವಳಿಯ ಜನ. ಹಾಲರನ ಹೆಸರು ಉಳಿಯಿತು. ಬಣ್ಣದಲ್ಲಿ ಮೊಣಕೈವರೆಗೆ ಅದ್ದಿಕೊಂಡವರ ಹೆಸರು ನಮಗೆ ಸಿಗುವುದಿಲ್ಲ ಎಂಬುದು ನನಗೆ ಯಾವತ್ತೂ ಕೊರೆಯುತ್ತದೆ.

ಮುಂದೆ 1884ರಲ್ಲಿ ಇಂಗ್ಲೆಂಡಿನ ಗ್ಯಾಟಿ ಎಂಬಾತ ಕಬ್ಬಿಣ ಮತ್ತು ಕ್ರೋಮಿಯಮ್ ಲವಣಗಳಿಂದ ಖಾಕಿ ಮಾಡಿ ಪೇಟೆಂಟ್ ಪಡೆದ. ಕಬ್ಬಿಣದ ತುಕ್ಕೇ ನೂಲಿನೊಳಗೆ ಕೂತ ಹಾಗೆ. ಬಿಸಿಲಿಗೂ ಜಗ್ಗದು, ಒಗೆತಕ್ಕೂ ಜಗ್ಗದು. ಮರುವರ್ಷ, 1885ರ ಡಿಸೆಂಬರಿನಲ್ಲಿ, ಸುಡಾನಿನ ಗಿನ್ನಿಸ್‌ನಲ್ಲಿ ಬ್ರಿಟಿಷ್ ಸೈನ್ಯ ಕೆಂಪಂಗಿ ತೊಟ್ಟು ಕೊನೆಯ ಸಲ ಹೋರಾಡಿತು.

ಕನ್ನಡದಲ್ಲಿ ಖಾಕಿ ಎಂದರೆ ಬರೀ ಬಣ್ಣವಲ್ಲ. ಪತ್ರಿಕೆಗಳು 'ಖಾಕಿ ಪಡೆ' ಎಂದರೆ ಪೊಲೀಸರು. ಖಾದಿ, ಖಾಕಿ, ಕಾವಿ ಎಂದು ಮೂರು ಅಧಿಕಾರಗಳನ್ನು ಒಂದೇ ಉಸಿರಲ್ಲಿ ಹೇಳಿಬಿಡುತ್ತೇವೆ. ನಮ್ಮ ಊರಿನ ಕೆಲವು ಮನೆಗಳಲ್ಲಿ ದೂರದಿಂದ ಆ ಬಣ್ಣ ಕಂಡರೆ ಮಕ್ಕಳು ಒಳಗೆ ಓಡುತ್ತಿದ್ದರು. ಬಂದದ್ದು ಅಪ್ಪ ಎಂದು ಗೊತ್ತಾದ ಮೇಲೆ ಅವೇ ಮಕ್ಕಳು ಕಾಗದ ಇಸಿದುಕೊಳ್ಳಲಿಕ್ಕೆ ಓಡಿ ಬರುತ್ತಿದ್ದರು. ಹೆದರಿಕೆಗೂ ನಿರೀಕ್ಷೆಗೂ ಒಂದೇ ಬಟ್ಟೆ. ಇವತ್ತು ಆಟೋ ಓಡಿಸುವವರು ಮನೆಯ ಅಂಗಿಯ ಮೇಲೆಯೇ ಖಾಕಿ ಅಂಗಿ ಏರಿಸಿ ಹೊರಡುವುದನ್ನು ನೋಡುತ್ತೀರಿ. ಸೈನಿಕನನ್ನು ಗುಂಡಿನಿಂದ ಮರೆಮಾಡಿದ ಬಣ್ಣ ಇವರ ಮೈಮೇಲೆ ದಿನದ ಧೂಳನ್ನು, ಗ್ರೀಸಿನ ಕಲೆಯನ್ನು ಮರೆಮಾಡುತ್ತದೆ.

ಸೈನ್ಯದ ಬಟ್ಟೆ ಬೀದಿಗೆ ಬಂದದ್ದಕ್ಕೆ ಕಾರಣ ಬಹುಪಾಲು ಬಡತನ. ಯುದ್ಧ ಮುಗಿದಾಗ ಉಗ್ರಾಣಗಳಲ್ಲಿ ರಾಶಿ ರಾಶಿ ಬಟ್ಟೆ ಉಳಿಯುತ್ತದೆ, ಅಗ್ಗಕ್ಕೆ ಮಾರುತ್ತಾರೆ. ಅಮೆರಿಕದಲ್ಲಿ 1944ರ ಕಾಯ್ದೆಯಿಂದ ಲಕ್ಷಾಂತರ ಮಾಜಿ ಸೈನಿಕರಿಗೆ ಸರಕಾರದ ಖರ್ಚಿನಲ್ಲಿ ಓದುವ ಅವಕಾಶ ಸಿಕ್ಕಿತು. ಅವರು ಇದ್ದ ಖಾಕಿ ಪ್ಯಾಂಟಿನಲ್ಲೇ ಕಾಲೇಜಿಗೆ ಬಂದರು. ಪಕ್ಕದಲ್ಲಿ ಕೂತ ಹುಡುಗರು ನೋಡಿ ತಾವೂ ತೊಟ್ಟರು. 1971ರ ಏಪ್ರಿಲಿನಲ್ಲಿ ವಿಯೆಟ್ನಾಮಿನಿಂದ ಮರಳಿದ ಸೈನಿಕರು ವಾಷಿಂಗ್ಟನ್ನಿನಲ್ಲಿ ಹಳೆಯ ಸಮವಸ್ತ್ರದಲ್ಲೇ ನಿಂತು, ಗಳಿಸಿದ ಪದಕಗಳನ್ನು ಎಸೆದರು. ಯುದ್ಧದ ಅಂಗಿ ತೊಟ್ಟೇ ಯುದ್ಧ ಬೇಡ ಎಂದರು. ಹೇಳುವ ಹಕ್ಕು ಅವರಿಗಿತ್ತು.

ಇನ್ನೊಂದು, ತೋಳಿನ ವಿಷಯ. ಮಕ್ಕಳ ಆಟದ ಟೀ ಶರ್ಟುಗಳಲ್ಲಿ ಗಮನಿಸಿ: ಕೆಲವಕ್ಕೆ ಹೆಗಲ ತುದಿಯಲ್ಲಿ ಹೊಲಿಗೆ ಇರುವುದಿಲ್ಲ. ತೋಳಿನ ಬಟ್ಟೆ ಕುತ್ತಿಗೆಯವರೆಗೂ ಓರೆಯಾಗಿ ಏರಿರುತ್ತದೆ. ಅದಕ್ಕೆ ರಾಗ್ಲನ್ ತೋಳು ಎನ್ನುತ್ತಾರೆ. 1815ರ ವಾಟರ್ಲೂ ಯುದ್ಧದಲ್ಲಿ ಮುಂದೆ ಲಾರ್ಡ್ ರಾಗ್ಲನ್ ಎನಿಸಿಕೊಂಡ ಅಧಿಕಾರಿಯ ಬಲಗೈ ಕತ್ತರಿಸಬೇಕಾಯಿತು. ಹೆಂಡತಿ ಕೊಟ್ಟ ಉಂಗುರ ಅದರಲ್ಲಿದೆ ಎಂದು ಆತ ಕತ್ತರಿಸಿದ ಕೈಯನ್ನು ಮರಳಿ ತರಿಸಿದನಂತೆ. ಒಂದು ಕೈ ಇಲ್ಲದವನಿಗೆ ತೊಡಲು ಸುಲಭವಾಗಲಿ ಎಂದು ಹೊಲಿದ ತೋಳು ಎಂಬ ನಂಬಿಕೆಯೊಂದಿಗೆ ಆ ಹೆಸರು ಉಳಿದಿದೆ.

ಮತ್ತೆ ಟೊಪ್ಪಿಯ ಜಾಕೆಟ್ಟು. ಡಿಸೆಂಬರ್ ಬಂದರೆ ಬೆಂಗಳೂರಿನ ಹುಡುಗರು ತಲೆ ಮುಚ್ಚುವ ಅಂಥದ್ದನ್ನು ತೊಟ್ಟು ಬೈಕ್ ಏರುತ್ತಾರೆ. ಅದರ ಮೂಲ ಸೈನ್ಯವಲ್ಲ. ಉತ್ತರ ಧ್ರುವದ ಸುತ್ತಲ ಇನುಯಿಟ್ ಹೆಂಗಸರು ಸೀಲ್ ಮತ್ತು ಹಿಮಸಾರಂಗದ ತೊಗಲಿನಲ್ಲಿ ಹೊಲಿದ ಅಂಗಿ ಅದು. ಅವರ ಸೂಜಿಯ ಕೆಲಸ ಎಂಥದ್ದು ಗೊತ್ತೇ? ನೀರು ಒಳಬರಬಾರದೆಂದು, ಎರಡು ತೊಗಲುಗಳ ಅಂಚು ಸೇರಿಸುವಾಗ ಸೂಜಿ ತೊಗಲಿನ ಅರ್ಧ ದಪ್ಪಕ್ಕೆ ಮಾತ್ರ ಹೋಗಬೇಕು, ಆಚೆ ಬದಿಗೆ ತೂತು ಬೀಳಬಾರದು. ದಾರದ ಬದಲು ಪ್ರಾಣಿಯ ಸ್ನಾಯುರಜ್ಜುವಿನ ಎಳೆ. ಒದ್ದೆಯಾದರೆ ಅದು ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತದೆ. ತಾಯಂದಿರ ಅಂಗಿಗೆ ಬೆನ್ನ ಮೇಲೆ ಒಂದು ಚೀಲ, ಅದರಲ್ಲಿ ಕೂಸು. ಒಂದು ಹೊಲಿಗೆ ತಪ್ಪಿದರೆ ಬೇಟೆಗೆ ಹೋದ ಗಂಡ ಮರಳುವುದಿಲ್ಲ. ಸೈನ್ಯಗಳು, ಪರ್ವತ ಹತ್ತುವವರು, ಆಮೇಲೆ ಅಂಗಡಿಗಳು, ಎಲ್ಲರೂ ಅವರಿಂದ ಕಲಿತರು. ಖಾಕಿಯ ವಿಷಯದಲ್ಲಿ ಆದದ್ದೇ ಇಲ್ಲಿಯೂ ಆಯಿತು: ಹೊಲಿದವರ ಹೆಸರು ಎಲ್ಲೂ ಇಲ್ಲ.

ಅಪ್ಪ ನಿವೃತ್ತರಾದ ಮೇಲೆ ಹಳೆಯ ಖಾಕಿ ಅಂಗಿಗಳನ್ನು ತೋಟಕ್ಕೆ ತೊಡುತ್ತಿದ್ದರು. ಇಸ್ತ್ರಿ ಇಲ್ಲ, ಗಂಜಿ ಇಲ್ಲ. ಹೆಗಲ ಪಟ್ಟಿಯ ಗುಂಡಿ ಉದುರಿ ಪಟ್ಟಿ ನೇತಾಡುತ್ತಿತ್ತು. ಒಣಗಿ ಬಿದ್ದ ಅಡಿಕೆ ಸೋಗೆಯ ಬಣ್ಣವೂ ಅಂಗಿಯ ಬಣ್ಣವೂ ಆಗ ಒಂದೇ ಆಗಿಬಿಟ್ಟಿದ್ದವು. ಬುಡದಲ್ಲಿ ಕೂತು ಉದುರಡಿಕೆ ಹೆಕ್ಕುತ್ತಿದ್ದರೆ ಹತ್ತು ಮಾರು ದೂರದಿಂದ ಅವರು ಕಾಣುತ್ತಿರಲಿಲ್ಲ. ಅಮ್ಮ ಅಂಗಳದ ಕೊನೆಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, "ಎಲ್ಲಿದ್ದೀರಿ? ಚಾ ಆರುತ್ತದೆ" ಎಂದು ಕೂಗುತ್ತಿದ್ದರು. ಸೋಗೆಯ ರಾಶಿಯೊಳಗಿಂದ "ಹೂಂ, ಬಂದೆ" ಎಂಬ ಮಾತು ಕೇಳಿಸುತ್ತಿತ್ತು.