ಹಿಮ ನಮ್ಮ ತಲೆ ಮೇಲೇ ಇದೆ

ಈ ವಾರ ಒಂದು ಚಿತ್ರದ ಕಥೆ.

ನಮ್ಮ ಅಕ್ಕನ ಮಗಳು ಕಲಬುರಗಿಯಲ್ಲಿ ಯುಕೆಜಿ. ಶಾಲೆಯಲ್ಲಿ ಚಳಿಗಾಲದ ಚಿತ್ರ ಬರೆಯೋಕೆ ಹೇಳಿದ್ರಂತೆ. ಇವಳು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಸಜ್ಜಿ ರೊಟ್ಟಿ, ಭಜ್ಜಿ ತಿನ್ನೋದನ್ನ ಬರೆದಿದ್ದಾಳೆ. ಅದು ತಪ್ಪು, ಪುಸ್ತಕದಲ್ಲಿರೋ ಸ್ನೋಮ್ಯಾನ್ ಬರಿ ಅಂದ್ರಂತೆ. ಫೋನ್‌ನಲ್ಲಿ ನನ್ನನ್ನ ಕೇಳಿದ್ಲು, "ಮಾಮಾ, ನಮ್ಮೂರಾಗ ಚಳಿಗಾಲ ಇಲ್ಲೇನು?"

ನಾನು ಬಿಕಾಂ ಓದಿದವನು. ಆದ್ರೂ ಈ ಪ್ರಶ್ನೆ ಬಿಡಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಇಬ್ಬರೂ ಕೂತು ಹಿಮ ಹುಡುಕಿದ್ವಿ.

ಮೊದಲ ತೊಡಕು ನಮ್ಮ ಮಾತಿನದ್ದೇ. ಕೊಡಗಿನಲ್ಲಿ ಬೆಳಿಗ್ಗೆ ಕವಿಯೋದೂ ಮಂಜು, ಹಿಮಾಲಯದಲ್ಲಿ ಬೀಳೋದೂ ಮಂಜು ಅಂತೀವಿ. ಮಗು ಏನಂತ ತಿಳ್ಕೋಬೇಕು? ಅದಕ್ಕೆ ಕವಿಯೋದು ಮಂಜು, ಬೀಳೋದು ಹಿಮ ಅಂತ ಬೇರೆ ಮಾಡಿಕೊಂಡ್ವಿ.

"ಹಂಗಾದ್ರ ಆಲಿಕಲ್ಲು?" ಅಂದ್ಲು. ಬೇಸಿಗೆ ಮಳೆಯಲ್ಲಿ ಅದನ್ನ ಆರಿಸಿ ಬಾಯಿಗೆ ಹಾಕ್ಕೊಂಡವಳಲ್ವಾ! ಆಲಿಕಲ್ಲು ಅಂದ್ರೆ ಮೋಡದೊಳಗೆ ನೀರು ಪದರ ಪದರವಾಗಿ ಹೆಪ್ಪುಗಟ್ಟಿದ ಗಟ್ಟಿ ಉಂಡೆ. ಹಿಮದಲ್ಲಿ ಗಾಳಿಯಲ್ಲಿರೋ ಆವಿಯೇ ನೇರವಾಗಿ ಹರಳಾಗುತ್ತೆ, ಹೆಚ್ಚಾಗಿ ಆರು ಮೂಲೆಯ ಹರಳು. ಹಾಗಾಗಿ ಹಗುರ.

ಆಮೇಲೆ ಐಸ್ ಗೋಲಾ ಗಾಡಿಗೆ ಹೋದ್ವಿ. ಗಾಜಿನ ಹಾಗೆ ಕಾಣೋ ಐಸು ತುರಿದ ತಕ್ಷಣ ಬೆಳ್ಳಗಾಯ್ತು. ತುಣುಕು ಸಾವಿರ ಆದಾಗ ಬೆಳಕು ಎಲ್ಲಾ ಕಡೆ ಚದುರುತ್ತೆ, ಹಿಮ ಬೆಳ್ಳಗಿರೋದೂ ಇದಕ್ಕೇ. ಬಣ್ಣ ಹಾಕೋಕೆ ಮುಂಚೆ ಒಂದು ಹಿಡಿ ಇಸ್ಕೊಂಡು ಉಂಡೆ ಕಟ್ಟಿದ್ಲು. ಅಂಗೈ ಕೆಂಪಾದ್ರೂ ಬಿಡಲಿಲ್ಲ.

ನನಗೇ ಆಶ್ಚರ್ಯ ಆಗಿದ್ದು ಇನ್ನೊಂದು. ಮಳೆಗಾಲದಲ್ಲಿ ನಮ್ಮ ಮೇಲೆ ಸುಮಾರು 5 ಕಿಲೋಮೀಟರ್ ಎತ್ತರಕ್ಕೆ ಹೋದ್ರೆ ನೀರು ಹೆಪ್ಪುಗಟ್ಟೋವಷ್ಟು ಚಳಿ. ಎತ್ತರದ ಮೋಡಗಳ ತುದಿಯಲ್ಲಿ ಹಿಮದ ಹರಳು ಆಗ್ತಾನೇ ಇರುತ್ತೆ. ಕೆಳಗೆ ಬರ್ತಾ ಬಿಸಿಗಾಳಿಗೆ ಕರಗಿ ನಮಗೆ ಮಳೆಯಾಗಿ ಸಿಗುತ್ತೆ. ಎಲ್ಲಾ ಮಳೆಯೂ ಹಾಗಲ್ಲ, ಆದ್ರೆ ನಾವು ನೆನೆದ ಎಷ್ಟೋ ಹನಿಗಳು ಮೇಲೆ ಹಿಮವಾಗಿದ್ದವೇ.

ಇದನ್ನ ಕೇಳಿ ಅವಳು ತುಂಬಾ ಹೊತ್ತು ಮೇಲೆ ನೋಡಿದ್ಲು. "ನಮ್ಮೂರಾಗೂ ಬೀಳ್ತದ, ಕೆಳಗ ಮುಟ್ಟಂಗಿಲ್ಲ ಅಷ್ಟೇ," ಅಂದ್ಲು.

ಟೀಚರ್‌ಗಳಲ್ಲಿ ಒಂದು ಕೋರಿಕೆ: ಸ್ನೋಮ್ಯಾನ್ ಕಲಿಸಿ, ಖಂಡಿತ ಕಲಿಸಿ. ಆದ್ರೆ ಹೊಲದಲ್ಲಿ ಕೂತು ರೊಟ್ಟಿ ತಿನ್ನೋದೂ ಚಳಿಗಾಲವೇ. ಅದಕ್ಕೂ ಒಂದು ರೈಟ್ ಹಾಕಿ.

ಮುಂದಿನ ವಾರ ಸಿಗೋಣ.