ಹರೆಯದ ಹೊಸ್ತಿಲಲ್ಲಿ ನಿಂತ ಮಕ್ಕಳು ಮತ್ತು ಶಿಕ್ಷಕರ ಸಿದ್ಧತೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವುದು ಭಾಗ್ಯವೇ ಸರಿ. ಇಂತಹ ಸಂದರ್ಭದಲ್ಲಿ ಹಿರಿಯರನ್ನು ಸ್ಮರಿಸುವುದು ವಾಡಿಕೆ. ಆದರೆ ನಮಗೆ ವಹಿಸಲಾದ ವಿಷಯ ಕಿರಿಯರಿಗೆ ಸಂಬಂಧಿಸಿದ್ದು. ಆರರಿಂದ ಎಂಟನೆಯ ತರಗತಿಯವರೆಗಿನ, ಅಂದರೆ ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರು ಹೇಗೆ ಸಿದ್ಧರಾಗಬೇಕು ಎಂಬುದೇ ಆ ವಿಷಯ.

ಈ ವಯಸ್ಸಿನ ಮಗುವಿನ ಒಂದು ಚಿತ್ರ ನಮಗೆಲ್ಲರಿಗೂ ಪರಿಚಿತವಾದದ್ದು. ಸಂತ ಲೂಕನು ಬರೆದ ಶುಭಸಂದೇಶದಲ್ಲಿ ಹನ್ನೆರಡು ವರ್ಷದ ಬಾಲಯೇಸು ತಂದೆತಾಯಿಗೆ ತಿಳಿಸದೆ ಜೆರುಸಲೇಮಿನಲ್ಲೇ ಉಳಿಯುತ್ತಾರೆ. ಮೂರು ದಿನಗಳ ಬಳಿಕ ಮಾತೆ ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ಅವರು ಕಾಣಸಿಗುವುದು ದೇವಾಲಯದಲ್ಲಿ, ಬೋಧಕರ ನಡುವೆ. ಅಲ್ಲಿ ಅವರು ಆಲಿಸುತ್ತಿದ್ದರು, ಪ್ರಶ್ನೆಗಳನ್ನೂ ಕೇಳುತ್ತಿದ್ದರು. ನಾವು ಈ ಪ್ರಸಂಗವನ್ನು ಓದುವಾಗ ಬಾಲಕನ ಜ್ಞಾನಕ್ಕೆ ಬೆರಗಾಗುತ್ತೇವೆ. ಆ ಬೋಧಕರನ್ನು ಮರೆಯುತ್ತೇವೆ. ಹನ್ನೆರಡರ ಹುಡುಗನೊಬ್ಬನನ್ನು ನಡುವೆ ಕೂರಿಸಿಕೊಂಡು, ಅವನ ಪ್ರಶ್ನೆಗೆ ಕಿವಿಗೊಟ್ಟವರು ಅವರು. ಅಂತಹ ಬೋಧಕರು ನಮ್ಮ ಶಾಲೆಗಳಲ್ಲಿ ಎಷ್ಟು ಮಂದಿ ಇದ್ದಾರೆ?

ನಮ್ಮ ಸುತ್ತಲಿನ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಪೈಕಿ ಒಂದು, ನಾವು ಡಯಟ್ ಎಂದು ಕರೆಯುವುದು, ಮಧುಗಿರಿಯಲ್ಲೇ ಇದೆ. ಆದ್ದರಿಂದ ತರಬೇತಿಯ ಮನೆ ದೂರವಿದೆ ಎಂದು ನಾವು ಹೇಳುವಂತಿಲ್ಲ.

ಆದರೂ ಈ ನಡುವಣ ವಯಸ್ಸಿನ ಮಗು ಬಹುಕಾಲ ಎರಡು ಮನೆಗಳ ನಡುವಿನ ಓಣಿಯಲ್ಲಿ ನಿಂತಿತ್ತು. ನಮ್ಮ ರಾಜ್ಯದಲ್ಲಿ ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಏಳನೆಯ ತರಗತಿಗೆ ಮುಗಿಯುತ್ತದೆ. ಎಂಟನೆಯದು ಪ್ರೌಢಶಾಲೆಯ ಮೊದಲ ಮೆಟ್ಟಿಲು. ಹಿಂದಿನ ಟಿ.ಸಿ.ಎಚ್. ತರಬೇತಿ ಪಡೆದವರು ಎಳೆಯ ಮಕ್ಕಳಿಗೆ ಅಕ್ಷರ ಕಲಿಸುವ ವಿದ್ಯೆಯನ್ನು ಮುಖ್ಯವಾಗಿ ಕಲಿತು ಬಂದರು; ಬಿ.ಇಡಿ. ಮುಗಿಸಿದವರು ಹತ್ತನೆಯ ತರಗತಿಯ ಪರೀಕ್ಷೆಯತ್ತ ಕಣ್ಣಿಟ್ಟು ಬಂದರು. ಇವರಿಬ್ಬರ ನಡುವೆ, ಮೀಸೆ ಚಿಗುರುತ್ತಿರುವ ಹುಡುಗನೂ ಥಟ್ಟನೆ ಎತ್ತರ ಬೆಳೆದು ಬೆನ್ನು ಬಾಗಿಸಿ ನಡೆಯುವ ಹುಡುಗಿಯೂ ಯಾರ ಅಧ್ಯಯನದ ವಸ್ತುವೂ ಆಗಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆ ಒಂದರಿಂದ ಎಂಟರವರೆಗಿನ ತರಗತಿಗಳನ್ನು ಒಂದೇ ಘಟ್ಟವೆಂದು ಭಾವಿಸಿತು. ಮರುವರ್ಷ, 2010ರಲ್ಲಿ, ಆರರಿಂದ ಎಂಟನೆಯ ತರಗತಿಗೆ ಪದವೀಧರ ಶಿಕ್ಷಕರೇ ಬೇಕೆಂಬ ನಿಯಮ ಬಂದಿತು. ಅವರು ಬರೆಯಬೇಕಾದ ಅರ್ಹತಾ ಪರೀಕ್ಷೆಯ 150 ಅಂಕಗಳಲ್ಲಿ 30 ಅಂಕಗಳು ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಮನೋವಿಕಾಸ ಹಾಗೂ ಕಲಿಕೆಗೆ ಮೀಸಲು. ಇದು ಸ್ವಾಗತಾರ್ಹ. ಆದರೆ ಪರೀಕ್ಷೆಯಲ್ಲಿ 30ಕ್ಕೆ 30 ಪಡೆದವರೂ ತರಗತಿಯಲ್ಲಿ ಮಗುವಿನ ಮುಖ ನೋಡಿ ತಡವರಿಸಬಹುದು. ನಾವೇ ಅದಕ್ಕೆ ಸಾಕ್ಷಿ.

ನಮ್ಮ ಶಿಕ್ಷಕ ವೃತ್ತಿಯ ಆರಂಭದ ದಿನಗಳ ಮಾತು. ಒಂದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ನಿತ್ಯವೂ ಪ್ರಾರ್ಥನೆ ಹಾಡುತ್ತಿದ್ದ. ಶುದ್ಧವಾದ ಕಂಠ. ಒಂದು ಬೆಳಿಗ್ಗೆ ಆ ಕಂಠ ನಡುವೆಯೇ ಒಡೆಯಿತು. ಸಾಲಿನಲ್ಲಿದ್ದ ಮಕ್ಕಳು ನಕ್ಕರು. ನಾವು ಅವರನ್ನು ಗದರಿಸಬೇಕಾಗಿತ್ತು. ಬದಲಿಗೆ, "ಏನಪ್ಪಾ, ಕಪ್ಪೆ ನುಂಗಿಕೊಂಡು ಬಂದೆಯಾ?" ಎಂದು ನಾವೂ ನಕ್ಕೆವು. ಮರುದಿನ ಅವನು ಬರಲಿಲ್ಲ. ವಾರ ಕಳೆಯಿತು; ಕಡಲೆಕಾಯಿ ಕೀಳುವ ಕಾಲವಾದ್ದರಿಂದ ಹೊಲಕ್ಕೆ ಹೋಗುತ್ತಿರಬೇಕೆಂದುಕೊಂಡೆವು. ಕೆಲವು ತಿಂಗಳ ಮೇಲೆ ಸಂತೆಯಲ್ಲಿ ಮೂಟೆ ಹೊರುತ್ತಿದ್ದವನನ್ನು ಕಂಡೆವು. ನಮ್ಮನ್ನು ನೋಡಿ ಅವನು ಮುಖ ತಿರುಗಿಸಿದ. ಬಡತನವೂ ಅವನನ್ನು ಶಾಲೆಯಿಂದ ಎಳೆದಿರಬಹುದು. ಆದರೆ ಬಾಗಿಲು ತೆರೆದುಕೊಟ್ಟದ್ದು ನಮ್ಮ ನಗು. ಆ ವಯಸ್ಸಿನಲ್ಲಿ ಗಂಟಲಿನ ತಂತುಗಳು ಬೆಳೆದು ದನಿ ಒಡೆಯುವುದು ಸಹಜವೆಂದು ನಾವು ಪುಸ್ತಕದಲ್ಲಿ ಓದಿದ್ದೆವು. ಆಗ ಮಗುವಿನ ಮಾನವನ್ನು ಕಾಯುವುದು ಶಿಕ್ಷಕರ ಕರ್ತವ್ಯವೆಂದು ಮಾತ್ರ ಕಲಿತಿರಲಿಲ್ಲ.

ಆದುದರಿಂದ ಸಿದ್ಧತೆಯ ಮೊದಲ ಪಾಠ ಇದು: ಶಿಕ್ಷಕರು ದೇಹದ ಬೆಳವಣಿಗೆಯನ್ನು ನಾಚದೆ ತಿಳಿಯಬೇಕು, ತಿಳಿದದ್ದನ್ನು ಸಭ್ಯವಾಗಿ ಹೇಳಬಲ್ಲವರಾಗಬೇಕು. ಹುಡುಗಿಯರ ವಿಷಯದಲ್ಲಿ ಇದು ಇನ್ನೂ ತುರ್ತಿನದು. ನಮ್ಮ ಭಾಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿರಿಸುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಅವರತ್ತ ಬೆರಳು ತೋರುವ ಮುನ್ನ, ನಮ್ಮ ಮನೆಗಳಲ್ಲಿ ಈ ಮಾತನ್ನು ಎಷ್ಟು ಮಂದಿ ತಾಯಂದಿರು ಮಗಳಿಗೆ ಮುಂಚಿತವಾಗಿ ತಿಳಿಸಿದ್ದಾರೆ ಎಂದು ಕೇಳಿಕೊಳ್ಳೋಣ. ಹಾಜರಿ ಪುಸ್ತಕದಲ್ಲಿ ಪ್ರತಿ ತಿಂಗಳೂ ಮೂರು ನಾಲ್ಕು ದಿನ ಗೈರು ಕಂಡರೆ, ಅದು ಸೋಮಾರಿತನವಲ್ಲವೆಂದು ಓದಬಲ್ಲ ಕಣ್ಣು ಶಿಕ್ಷಕರಿಗೆ ಬೇಕು. ನೀರಿರುವ ಶೌಚಾಲಯಕ್ಕಾಗಿ ಹಟ ಹಿಡಿಯುವ ಧೈರ್ಯವೂ ಬೇಕು.

ಎರಡನೆಯದು ಭಾಷೆ. ಪಾವಗಡ ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲ್ಲೂಕು. ಅಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಸಿರಾ ಪಟ್ಟಣದಲ್ಲಿ ಉರ್ದು ಆಡುವ ಮನೆಗಳು ಬಹಳ. ಆರನೆಯ ತರಗತಿಯಲ್ಲಿ ವಿಜ್ಞಾನ, ಸಮಾಜಗಳ ಪುಸ್ತಕ ಒಮ್ಮೆಲೇ ಗಟ್ಟಿಯಾದಾಗ ಈ ಮಕ್ಕಳು ಮೌನಿಗಳಾಗುತ್ತಾರೆ. ಆ ಮೌನವನ್ನು ದಡ್ಡತನವೆಂದು ತಿಳಿಯುವ ಶಿಕ್ಷಕರು ಎಡವುತ್ತಾರೆ. ಈ ವಯಸ್ಸಿನವರಿಗೆ ಗೆಳೆಯರೆದುರು ತಪ್ಪಾಡುವುದಕ್ಕಿಂತ ಸುಮ್ಮನಿರುವುದೇ ಲೇಸೆನಿಸುತ್ತದೆ.

ಮೂರನೆಯದು ಕಾನೂನಿನ ಅರಿವು. ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬಾಲ್ಯವಿವಾಹವನ್ನು ತಡೆಯುವ 2006ರ ಕಾಯಿದೆ ಇದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯ ಪ್ರಕಾರ, ತಿಳಿದೂ ದೂರು ಕೊಡದಿರುವುದೇ ಅಪರಾಧ. ಸಂಸ್ಥೆಯ ಮಾನ ಕಾಪಾಡುವ ನೆಪದಲ್ಲಿ ಯಾವ ಶಾಲೆಯೂ, ನಮ್ಮದಾಗಲಿ ಪರರದಾಗಲಿ, ಇದನ್ನು ಮುಚ್ಚಿಡಲಾಗದು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿ ತರಗತಿಯ ಗೋಡೆಯ ಮೇಲೂ ಇರಲಿ.

ಇವೆಲ್ಲವನ್ನೂ ಉಪನ್ಯಾಸದಿಂದ ಕಲಿಸಲಾದೀತೇ? ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್‌ರವರ ಜೀವನ ಇಲ್ಲಿ ದಾರಿ ತೋರುತ್ತದೆ. 1685ರಲ್ಲಿ ಫ್ರಾನ್ಸಿನ ರೀಮ್ಸ್ ನಗರದಲ್ಲಿ, ಹಳ್ಳಿಯ ಶಾಲೆಗಳಿಗೆ ಹೋಗುವ ಶಿಕ್ಷಕರಿಗಾಗಿಯೇ ಅವರು ತರಬೇತಿ ಶಾಲೆ ತೆರೆದರು. ಲ್ಯಾಟಿನ್ ಬದಲು ಮಕ್ಕಳಾಡುವ ಭಾಷೆಯಲ್ಲೇ ಓದು ಕಲಿಸಿದರು. ಹೊಸ ಶಿಕ್ಷಕನು ಅನುಭವಿಯ ಪಕ್ಕದಲ್ಲಿ ನಿಂತು ಕಲಿಯಬೇಕೆಂಬುದು ಅವರ ಕ್ರಮ. 1950ರಲ್ಲಿ ಹನ್ನೆರಡನೆಯ ಭಕ್ತಿನಾಥ ಪಿಯುಸ್‌ರವರು ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು. ನಮ್ಮಲ್ಲೂ ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ಶಿಕ್ಷಕರು ಸಭೆ ಸೇರುತ್ತಾರೆ. ಅಲ್ಲಿ ಸುತ್ತೋಲೆ ಓದುವ ಹೊತ್ತನ್ನು ತುಸು ಮೊಟಕುಗೊಳಿಸಿ, ಪ್ರತಿ ಶಿಕ್ಷಕರೂ ತಮ್ಮ ತರಗತಿಯ ಒಂದೊಂದು ಮಗುವಿನ ಕಷ್ಟವನ್ನು, ಹೆಸರು ಹೇಳದೆ, ಹಿರಿಯರೆದುರು ಇಡುವಂತಾದರೆ ಅದಕ್ಕಿಂತ ಒಳ್ಳೆಯ ತರಬೇತಿ ಬೇರೊಂದಿಲ್ಲ. ಏಳನೆಯ ತರಗತಿಯ ಶಿಕ್ಷಕರೂ ಎಂಟನೆಯ ತರಗತಿಯ ಶಿಕ್ಷಕರೂ ವರ್ಷಕ್ಕೊಮ್ಮೆಯಾದರೂ ಎದುರುಬದುರು ಕುಳಿತು, ಶಾಲೆ ಬದಲಿಸುವ ಮಕ್ಕಳ ಪಟ್ಟಿಯನ್ನು ಕೈಯಿಂದ ಕೈಗೆ ಒಪ್ಪಿಸಬೇಕು. ಮಕ್ಕಳು ಜಾರಿಹೋಗುವುದು ಆ ಸಂದಿನಲ್ಲೇ.

ಪ್ರಿಯ ಬಂಧುಗಳೇ, ಈ ತಾಲ್ಲೂಕುಗಳಲ್ಲಿ ನಾವು ಸಂಖ್ಯೆಯಲ್ಲಿ ಅಲ್ಪರು. ಆದರೆ ಭಾನುವಾರದ ಬಲಿಪೂಜೆಯ ಬಳಿಕ ಧರ್ಮೋಪದೇಶಕ್ಕೆ ಕುಳಿತುಕೊಳ್ಳುವ, ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳು ಇದೇ ವಯಸ್ಸಿನವರು. ಅವರಿಗೆ ಪಾಠ ಹೇಳುವ ನಮ್ಮ ಉಪದೇಶಕರೂ ಈ ಸಿದ್ಧತೆಯನ್ನು ಪಡೆಯಲಿ. ಮನೆಯಲ್ಲಿ ಮಗ ಎದುರುತ್ತರ ಕೊಟ್ಟಾಗ, ಮಗಳು ಬಾಗಿಲು ಹಾಕಿಕೊಂಡಾಗ, ಮೂರು ದಿನ ಹುಡುಕಿದ ಆ ತಂದೆತಾಯಿಯನ್ನು ನೆನೆಯೋಣ. ಮಾತೆ ಮರಿಯಮ್ಮನವರು ಮಗನನ್ನು ಕಾರಣ ಕೇಳಿದರು. ಬಂದ ಉತ್ತರ ಪೂರ್ತಿ ಅರ್ಥವಾಗದಿದ್ದರೂ ಅದನ್ನು ಹೃದಯದಲ್ಲಿ ಇರಿಸಿಕೊಂಡರು.

ಅಂದು ಸಂತೆಯಲ್ಲಿ ಮುಖ ತಿರುಗಿಸಿದ ಆ ಹುಡುಗನ ಕ್ಷಮೆ ಕೇಳುವ ಅವಕಾಶ ನಮಗೆ ಮತ್ತೆ ದೊರೆಯಲಿಲ್ಲ. ಇನ್ನು ಮುಂದೆ ಈ ನಾಲ್ಕು ತಾಲ್ಲೂಕುಗಳ ಯಾವ ಶಿಕ್ಷಕರಿಗೂ ಅಂತಹ ಕ್ಷಮೆಯ ಋಣ ಉಳಿಯದಿರಲೆಂದು ಪ್ರಾರ್ಥಿಸುತ್ತೇವೆ.